ನಾಲ್ಕು ಬೆರಳು

ಓಕಿನಾವಾದ ಬಡಗಣ ಗುಡ್ಡ. ರಾತ್ರಿ ಎರಡು ಗಂಟೆ.
ಬುಲ್ಡೋಜರ್ ಮಲಗಿದೆ. ನಾನು ಎದ್ದಿದ್ದೇನೆ
ಟಾರ್ಚು ಹಿಡಿದು, ಬೇಲಿ ನೋಡುತ್ತ.

ಬೇಲಿಯೆಂದರೆ ಬಟ್ಟೆ. ಮೊಣಕಾಲೆತ್ತರ.
ಬುಡವನ್ನು ಗೇಣುದ್ದ ಹೂಳಬೇಕಿತ್ತು;
ಶನಿವಾರದ ಅವಸರ, ನಾಲ್ಕು ಬೆರಳಷ್ಟೇ ಹೂತೆವು.
ಆ ನಾಲ್ಕು ಬೆರಳಿನ ಲೆಕ್ಕ
ಮಳೆಗೆ ಯಾರು ಹೇಳಿದರು?

ಅಡಿಯಿಂದ ನುಸುಳುತ್ತಿದೆ ಕೆಂಪು ಮಣ್ಣು,
ಮುಚ್ಚಿದ ಬಾಗಿಲಡಿಯ ಬೆಳಕಿನಂತೆ, ಸದ್ದಿಲ್ಲದೆ.
ಹುಲ್ಲಿನ ಪಿಂಡಿ ಒತ್ತಿದೆ, ಕಲ್ಲು ಹೇರಿದೆ,
ಕೊನೆಗೆ ಬೂಟುಗಾಲನ್ನೇ ಅಡ್ಡ ಇಟ್ಟೆ.
ಬೂಟು ಬಳಸಿ ಹೋಯಿತು.

ಕೆಳಗೆ ಕೊಲ್ಲಿಯಲ್ಲಿ ಮಿತ್ಸುಯೊ ಅತ್ತೆಯ ಬಲೆಗಳು,
ಬಲೆತುಂಬ ಮೊಜುಕು ಪಾಚಿ,
ಇನ್ನೆರಡು ವಾರಕ್ಕೆ ಕೊಯ್ಲು.

ತೊರೆಯ ನೀರು ಬಾಟಲಿಗೆ ತುಂಬಿಟ್ಟೆ.
ಇಲಾಖೆಯವರು ಯಂತ್ರ ತರುವುದು ಹತ್ತಕ್ಕೆ.
ಅತ್ತೆ ಏಳಕ್ಕೇ ಬಂದರು, ದೋಣಿಯಿಂದ ನೇರ.
ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.
ಬೈಯಲಿಲ್ಲ.

‘ಇದು ತಿಳಿಯಾಗಲು ಎಷ್ಟು ಹೊತ್ತು?’
‘ಎರಡು ದಿನ.’
‘ನೀರಿನ ಮಾತಾಯಿತು.
ಮಣ್ಣು ತಿರುಗಿ ಗುಡ್ಡ ಹತ್ತಲು?’

ಹಾರೆ ತಂದೆ.
ಅವರು ಬಟ್ಟೆಯ ತುದಿ ಹಿಡಿದು ನಿಂತರು,
ಅಗೆದಲ್ಲಿ ಕೈಯಿಳಿಸಿ ಗೇಣು ಹಾಕಿದರು.
ಅವರದು ಚಿಕ್ಕ ಕೈ. ಆದರೂ ಗುಂಡಿ ಸಾಲಲಿಲ್ಲ.
‘ಇನ್ನೂ ಅಗಿ,’ ಅಂದರು.