ಇಳಿಸುವ ಲೆಕ್ಕ

ಇಪ್ಪತ್ತಾರು ವರ್ಷ ತೂಕದ ಮುಂದೆ ಕೂತವಳು ನಾನು,
ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ.
ಊರವರ ಮೂಟೆಯ ಗ್ರಾಮು ಗ್ರಾಮೂ ಗೊತ್ತು.
ನನ್ನ ಮೂಳೆಯ ಲೆಕ್ಕ ಮಾತ್ರ
ಮೈಸೂರಿನ ಸ್ಕ್ಯಾನಿಂಗಿನವರು ಹೇಳಬೇಕಾಯಿತು.
ಔಟ್‌ಟರ್ನ್ ಕಡಿಮೆ, ಎಂದು
ನಾನೇ ಅದಕ್ಕೆ ಅರ್ಥ ಬರೆದುಕೊಂಡೆ:
ಸಿಪ್ಪೆ ದಪ್ಪ, ಒಳಗೆ ಬೀಜ ಹಗುರ.

ಭಾರ ಎತ್ತಿ, ಎಂದರು ಡಾಕ್ಟರು.
ಐವತ್ಮೂರಕ್ಕೆ?
ಹೌದು, ಐವತ್ಮೂರಕ್ಕೇ.

ಅಂಗಡಿಯ ಜಾಮ್ಯಾಂಗ್ ಬೈಲುಕುಪ್ಪೆಯ ಹುಡುಗ,
ನನಗಿಂತ ಚೆಂದ ಅವನ ಕನ್ನಡ.
ಮೊದಲು ಟ್ರೆಡ್‌ಮಿಲ್ ತೋರಿಸಿದ.
ಕಕ್ಕಡದಲ್ಲಿ ಮೂರು ದಿನ ಕರೆಂಟು ಹೋದರೆ
ನಡುದಾರಿಯಲ್ಲೇ ನಿಂತಿರಲಾ, ಎಂದೆ.
ನಡೆಯಲು ಹೊಳೆದಂಡೆ ಇದೆ, ಪುಕ್ಕಟೆ.
ಎಲ್ಲಿಗೂ ಹೋಗದ ಸೈಕಲ್ಲು ತೋರಿಸಿದ;
ಅದರ ಹ್ಯಾಂಡಲ್ಲಿನ ಮೇಲೆ ನಾಳೆ ಏನು ಒಣಗುತ್ತದೆಂದು
ಇಬ್ಬರಿಗೂ ಗೊತ್ತಿತ್ತು.
ಥಳಥಳ ಕಬ್ಬಿಣದ ಡಂಬೆಲ್ಲು? ಬೇಡ ಕಣಪ್ಪ,
ಮಳೆಗಾಲಕ್ಕೆ ಬೀರುವಿನ ಸೂಜಿಗೂ ತುಕ್ಕು ನಮ್ಮಲ್ಲಿ,
ರಬ್ಬರು ಹೊದ್ದದ್ದು ಕೊಡು.
ಬೆಂಚಿಗೆ ಟೇಪು ಹಿಡಿದು ನೋಡಿದೆ.
ಮಂಚಕ್ಕೂ ಕಪಾಟಿಗೂ ನಡುವೆ ಇರುವುದು ನಾಲ್ಕಡಿ,
ಅದನ್ನಿಟ್ಟರೆ ನಾನು ಹೊರಗೆ.

ಕೊನೆಗೆ ತಂದದ್ದು ನಾಲ್ಕು ಕೆಜಿಯ ಜೋಡಿ, ಆರರ ಜೋಡಿ,
ಹಸಿರು ರಬ್ಬರಿನ ಪಟ್ಟಿ, ಚಾಪೆ,
ಎಂಟರ ಒಂದು ಕೆಟಲ್‌ಬೆಲ್ಲು, ಹಿಡಿಯಿರುವ ಕುಂಬಳಕಾಯಿ.
ಆಫೀಸಿನ ಚಿಕ್ಕ ತೂಕದ ಮೇಲೆ ಇಟ್ಟು ನೋಡದೆ ಇರಲಾಗಲಿಲ್ಲ:
ಎಂಟಕ್ಕೆ ನೂರಿಪ್ಪತ್ತು ಗ್ರಾಮು ಕಮ್ಮಿ.
ಜಾಮ್ಯಾಂಗ್ ನಕ್ಕು ನೂರು ರೂಪಾಯಿ ವಾಪಸು ಕೊಟ್ಟ.
ಇಸ್ಕೊಂಡೆ.

ಇನ್ನು ಕ್ರಮ ಯಾವುದು?
ಅಕ್ಕನ ಸೊಸೆ ಕಳಿಸಿದ್ದು ಹನ್ನೆರಡು ವಾರದ್ದು,
ವಾರಕ್ಕೆ ಆರು ದಿನ: ಒಂದು ದಿನ ಬರೀ ಭುಜ, ಒಂದು ದಿನ ಬರೀ ಕಾಲು,
ಬೇಟೆಯ ಹಂದಿಯಂತೆ ಮೈಯನ್ನು ಪಾಲು ಹಾಕಿದ್ದು.
ಬೋಪಯ್ಯ ಹುಡುಕಿದ್ದು ಇಪ್ಪತ್ತೊಂದು ದಿನದಲ್ಲಿ ಹೊಟ್ಟೆ ಮಾಯ
(ಹೊಟ್ಟೆ ಇರುವುದು ಅವನಿಗೆ).
ನಾನು ಆರಿಸಿದ್ದು ಎಲ್ಲಕ್ಕಿಂತ ಸಪ್ಪೆ.
ಸೋಮ, ಬುಧ, ಶುಕ್ರ. ಐದೇ ಪಟ್ಟು.
ಕೂತು ಏಳು. ಬಾಗಿ ಎತ್ತು. ತಳ್ಳು. ಎಳೆ. ಹೊತ್ತು ನಡೆ.
ಒಂದೊಂದರ ಕೆಳಗೂ ಅದೇ ಸಾಲು:
ಇಳಿಸುವಾಗ ಮೂರು ಎಣಿಸಿ.

ಕೆಳಗಿನ ಮನೆಯಲ್ಲಿ ಸುಲೋಚನಾ ಟೀಚರ ಟ್ಯೂಷನ್ನು.
ನಾನು ಧೊಪ್ಪೆಂದರೆ
ಹದಿನಾಲ್ಕು ಮಕ್ಕಳಿಗೆ ಏಳೆಂಟ್ಲಿ ತಪ್ಪುತ್ತದೆ.
ಹಾಗಾಗಿ ಎಣಿಸಲೇಬೇಕು.
ಒಂದು. ಎರಡು.
ಎರಡೂವರೆಗೇ ತೊಡೆ ನಡುಗುತ್ತದೆ.

ಲೋಡಿಂಗಿನ ಮೊಯ್ದು ಕೇಳಿ ಬಿದ್ದುಬಿದ್ದು ನಕ್ಕ.
"ದುಡ್ಡು ಕೊಟ್ಟು ಭಾರ ಹೊರೋದಾ ಪೊನ್ನವ್ವ ಮೇಡಂ?
ನನಗೆ ಹೇಳಿದ್ರೆ ದಿನಾ ಇನ್ನೂರು ಮೂಟೆ
ಬಿಟ್ಟಿ ಕೊಡ್ತಿದ್ದೆ."
ನಾನೂ ನಕ್ಕೆ. ಎದ್ದು ಬರಿಗೈಯಲ್ಲೇ ಬಾಗಿ ತೋರಿಸಿದೆ.
ತಪ್ಪು, ಎಂದ. "ಬೆನ್ನು ಬಿಡಿ.
ಎರಡೂ ಕೈ ತುಂಬಿದ್ದಾಗ ಬಾಗಿಲನ್ನ ಸೊಂಟದಲ್ಲಿ ದೂಡ್ತೀರಲ್ಲ, ಹಾಗೆ."
ಡಾಕ್ಟರು ಹೇಳದ್ದು ಒಂದು ಸಲಕ್ಕೆ ಬಂತು.
ಇಳಿಸುವುದು ಹೇಗೆ, ಕೇಳಿದೆ.
"ಇಳಿಸೋದೇನು? ಹೆಗಲು ಜಾರಿಸಿದ್ರೆ ಬೀಳತ್ತೆ,
ಹಿಂದೆ ಇನ್ನೊಬ್ಬ ನಿಂತಿರ್ತಾನೆ."
ತನ್ನ ಮೊಣಕಾಲನ್ನೊಮ್ಮೆ ನೋಡಿಕೊಂಡ.
"ಮೂರು ಎಣಿಸೋಕೆ ನಮ್ಮನ್ನ ಯಾರು ಬಿಟ್ರು?"

ಕೈಲ್‌ಪೊಳ್ದಿನ ದಿನ ಬೋಪಯ್ಯ
ಕೋವಿ ಕತ್ತಿಗಳ ಪಕ್ಕ ಕೆಟಲ್‌ಬೆಲ್ಲನ್ನೂ ಇಟ್ಟು
ತೋಕ್‌ಪೂ ಮುಡಿಸಿದ, ತಮಾಷೆಗೋ ಏನೋ.
ಅಂದು ಶುಕ್ರವಾರ. ಹೂ ಬಾಡುವವರೆಗೆ ಕಾದು
ಸಂಜೆ ತೆಗೆದುಕೊಂಡೆ. ಗಂಧದ ಬೊಟ್ಟು ಇನ್ನೂ ಅಂಟಿದೆ.

ಮತ್ತೆ ಸ್ಕ್ಯಾನಿಂಗು ಜನವರಿಗೆ. ಏನು ಬರುತ್ತೋ.

ಮೊನ್ನೆ ಊಟದ ಬಿಡುವು. ಗೋಡೌನಿನ ಮೂಲೆಯಲ್ಲಿ
ಅರ್ಧ ತುಂಬಿದ ಚೀಲ ಅಪ್ಪಿಕೊಂಡು ಮೊಯ್ದು,
ಹಿಂದೆ ಯಾರೂ ಇಲ್ಲ, ಮೆಲ್ಲಗೆ ಬಾಗುತ್ತಿದ್ದಾನೆ,
ತುಟಿ ಅಲುಗುತ್ತಿದೆ, ಅವನ ಮನೆಮಾತಿನಲ್ಲಿ,
ಒನ್ನ್. ರಂಡ್.
ನಾನು ಲೆಡ್ಜರಿಗೆ ತಲೆ ಬಗ್ಗಿಸಿದೆ.
ಮೂರನೆಯದು ಕೇಳಿಸಲಿಲ್ಲ.
ಚೀಲ ನೆಲ ಮುಟ್ಟಿದ್ದೂ ಕೇಳಿಸಲಿಲ್ಲ.