ಬೊಟ್ಟು ಬಿಟ್ಟ ಹೆಸರು

ನೈಶಾಪುರದ ಎರಕದ ಓಣಿಯಲ್ಲಿ
ನನ್ನ ಗುರುವಿಗೆ ಓದು ಬರುತ್ತಿದ್ದುದು ತಿರುವುಮುರುವಾಗಿ ಮಾತ್ರ.
ಬಳಪದ ಕಲ್ಲಿನ ಹೊಟ್ಟೆಯೊಳಗೆ
'ಬರಕತ್' ಎಂದು ಎಡದಿಂದ ಬಲಕ್ಕೆ ಕೊರೆಯುವವನು
ಮರ್ವ್‌ನಿಂದ ತಂಗಿ ಬರೆಸಿದ ಓಲೆಯನ್ನು
ಪಕ್ಕದಂಗಡಿಯ ಕಂಚಿನ ಕನ್ನಡಿಗೆ ಹಿಡಿದು ಓದುತ್ತಿದ್ದ,
ತುಟಿ ಅಲುಗಿಸುತ್ತ.

ತವರ ಕರಗಿಸಿ ಹೊಯ್ದು, ಅಚ್ಚು ಬಿಚ್ಚಿದರೆ
ಪದಕದ ಮೇಲೆ ಬರಕತ್ತು ನೆಟ್ಟಗೆ.
ಕೊಂಡವರು ಕೂಸಿನ ಕೊರಳಿಗೆ ಕಟ್ಟಿ ನಡೆದರು;
ಮಾಡಿದವನಾರೆಂದು ಯಾರೂ ಕೇಳಲಿಲ್ಲ.

ಒಂದು ಸಂಜೆ ಅಚ್ಚಿನ ಹೊರಮೈ ತೋರಿಸಿ,
"ಇಲ್ಲಿಗೆ ಲೋಹ ತಾಗದು.
ನನ್ನ ಹೆಸರು ನೆಟ್ಟಗೆ ಹೇಗಿರುತ್ತೆ, ಬರೆದುಕೊಡು" ಎಂದ.
ಮದರಸೆಯಲ್ಲಿ ಎರಡು ಚಳಿಗಾಲ ಕೂತವನು ನಾನು.
ಇದ್ದಿಲಲ್ಲಿ ಬರೆದೆ. ಅವನು ಕೊರೆದ,
ಬೆವರುತ್ತ, ಮೂರು ದಿನ:

'ರೂಜ್‌ಬೆಹ್‌ನ ಕೆಲಸ.'

ಜಕಾರದ ಮೇಲಿನ ಬೊಟ್ಟು ನಾನು ಮರೆತಿದ್ದೆ.
'ರೂರ್‌ಬೆಹ್' ಆಗಿಹೋದ ಗುರು
ಸಾಯುವ ತನಕ ಹೆಬ್ಬೆರಳಲ್ಲಿ ಅದನ್ನೇ ಸವರುತ್ತಿದ್ದ.

ಅಚ್ಚು ಈಗ ನನ್ನದು.
ಉಳಿ ಇದೆ, ಒಂದೇ ಏಟು ಸಾಕು.
ತಿದ್ದೋಣವೆಂದು ಕೂತಾಗಲೆಲ್ಲ
ಬೊಟ್ಟಿರಬೇಕಾದಲ್ಲಿ ಅವನ ಬೆರಳು ಸವೆಸಿದ ನುಣುಪು.

ತವರ ಕರಗಿದೆ. ಹೊಯ್ಯಬೇಕು.