ಐದರ ಮಗ್ಗಲಕ ಮೂರು

ಮಿಲಿಟ್ರಿ ಲಿಲಾವಿನ್ಯಾಗ ಬಂದ ನಿಸ್ಸಾನ್ ಅದು,
ಪೆಟ್ರೋಲಿನ ಆರು ಸಿಲಿಂಡರು.
ಹಸಿರಿನ ಮ್ಯಾಲ ಮುರಿಗೆಪ್ಪ ಹಳದಿ ಬಳಿಸಿ
ಬಾಗಿಲಿಗೆ ಬರಸಿದ್ದ: ಹುಲ್ಲಿಕೇರಿ ಶಾಮಿಯಾನಾ, ಗುಳೇದಗುಡ್ಡ.
ಗೀರು ಬಿದ್ದಲ್ಲೆಲ್ಲಾ ಒಳಗಿನ ದಂಡು ಇಣುಕತಿತ್ತು.

ನಿಂತಾಗ ಭಾಳ ಶ್ಯಾಣ್ಯಾ.
ಬಾನೆಟ್ಟಿನ ಮ್ಯಾಲ ಚಾದ ಕಪ್ಪು ಇಟ್ಟರ ತೆರಿ ಏಳತಿರಲಿಲ್ಲ.
ಕಂಬ, ತಗಡು, ಜಮಖಾನಿ ಹೇರಿ ಕೋಟೆಕಲ್ಲಿನ ಏರು ಹಿಡಿದರ ಸಾಕು,
ತೊದಲತಿತ್ತು,
ಸಾಹೇಬರ ಮುಂದ ಮಗ್ಗಿ ಮರೆತ ಹುಡುಗನಂಗ
ಒಂದನ್ನ ನುಂಗಿ, ಸೈಲೆನ್ಸರಿನ್ಯಾಗ ಫಟ್ ಅಂದು
ಮುಂದಿನದಕ್ಕ ಹಾರತಿತ್ತು.

ಪ್ಲಗ್ಗು ಬದಲಿ ಆತು. ಕಾಯಿಲ್ ಬದಲಿ ಆತು.
ಪಾಯಿಂಟಿನ ಸಂದಿಗೆ ಗೇಜು ಹಾಕಿ ನೋಡಿದ್ವಿ.
ಕಾರ್ಬೊರೇಟರಿನ ಜೆಟ್ಟು ಬಿಚ್ಚಿ ನಾನು ಬಾಯಿಲೆ ಊದಿದೆ,
ಎರಡು ದಿನ ತಿಂದ ರೊಟ್ಟಿಯೆಲ್ಲಾ ಪೆಟ್ರೋಲ್.
ವಾಯರಂತೂ ಆರೂ ಹೊಸಾವು.
ಹಾಕಿದಾಂವ ನಾನಽ.

ನೇಕಾರರ ಮನಿ ಹುಡುಗ.
ಎಳಿ ಜೋತುಬಿದ್ದರ ಕೈ ಸುಮ್ಮನಿರೂದಿಲ್ಲ.
ತಂಗಿ ಸಾವಂತ್ರಿಗೆ ದಿನಾ ಜಡಿ ಹಾಕಿ ಸಾಲಿಗೆ ಕಳಿಸಾಂವ.
ಹಂಗಽ ಹಾಕಿದ್ದೆ: ಆರನ್ನೂ ಕೂಡಿಸಿ, ಸವರಿ,
ಗೇಣಿಗೊಂದು ಕರೇ ಟೇಪು ಸುತ್ತಿ.
ಮುರಿಗೆಪ್ಪ ನೋಡಿ ಐದು ರೂಪಾಯಿ ಇನಾಮು ಕೊಟ್ಟಿದ್ದ.

ಆ ರಾತ್ರಿ ಹುಚ್ಚೇಸಾಬ ಮೇಸ್ತ್ರಿ ದೀಪ ಆರಿಸು ಅಂದ.
ಕತ್ತಲದಾಗ ಇಂಜಿನ್ ಚಾಲೂ.
ಇಬ್ಬರೂ ಬಗ್ಗಿ ನೀಲಿ ಕಿಡಿ ಹುಡುಕಿದ್ವಿ.
ಒಂದಽ ಒಂದು ಮಿಣುಕು ಇಲ್ಲ.
"ಸೋರವಲ್ದು," ಅಂದ. "ಸೋರಿದ್ರ ಚಲೋ ಇತ್ತು."
ಹಚ್ಚದ ಬೀಡಿ ತುಟಿಯಾಗಿಟ್ಟು, ಇಂಜಿನ್ ಬಂದ್ ಮಾಡಿ,
ಕ್ಯಾಪಿನ ಕಿಂಡಿ ಮುಟ್ಟಿ ಮುಟ್ಟಿ ಎಣಿಸಿದ:
ಒಂದು, ಐದು, ಮೂರು,
ಆರು, ಎರಡು, ನಾಕು.
ಮತ್ತ ಒಂದು, ಐದು
ಅಲ್ಲೇ ನಿಂತ.

"ಐದರ ಬೆನ್ನಿಗೆ ಯಾರ ಪಾಳಿ?"
"ಮೂರರದು."
"ಅವೆರಡನ್ನೂ ಒಂದಽ ಹಾಸಿಗ್ಯಾಗ ಮಲಗಿಸೀಯಲ್ಲೋ.
ಐದಕ್ಕ ಕೂಗಿದ್ದು ಮೂರರ ಕಿವಿಗೂ ಬೀಳತೈತಿ.
ತೊಗಲು ಹರದಿಲ್ಲ, ಏನಿಲ್ಲ, ಬರೇ ಮಗ್ಗಲದ ಸಪ್ಪಳ.
ತನ್ನನ್ನಽ ಕರದ್ರು ಅಂತ ತಿಳಕೊಂಡು
ಪಿಸ್ಟನ್ ಇನ್ನೂ ಏರೂದ್ರಾಗ ಉರದು ಕುಂದರತೈತಿ ಪಾಪ."

ಚಾಕುವಿಲೆ ಟೇಪು ಕೊಯ್ದ. ನನ್ನ ಕಡೆ ಕೈ ಚಾಚಿದ.
"ಕಿಸೆದಾಗಿಂದು ತಾ."
ಕೆಂಪು ಬಾಚಣಿಗಿ, ಅಮೀನಗಡದ ಸಂತ್ಯಾಗ ಕೊಂಡದ್ದು.
ಲಟಕ್ಕನ ಎರಡು ತುಂಡು ಮಾಡಿ
ಇಕ್ಕಳದಿಂದ ಹಲ್ಲು ಕಿತ್ತ, ಮೂರು ಕಿತ್ತು ಒಂದು ಉಳಿಸಿ.
ಉಳಿದ ಸಂದಿಗೊಂದು ವಾಯರು.
ಐದನ್ನ ಮ್ಯಾಲಿಂದ ಒಯ್ದ,
ಮೂರನ್ನ ಆಯಿಲ್ ಕಡ್ಡಿಯ ಹಿಂದಿಂದ ಸುತ್ತು ಹಾಕಿಸಿದ.
"ಎದರಾ ಬದರಾ ಬಂದ್ರ ಕತ್ತರಿಯಂಗ ದಾಟ್ಲಿ. ಜೋಡಿ ನಡೀಬಾರದು."

ಮುಂಜಾನೆ ಕಬ್ಬಿಣದ ಕಂಬದ ಮ್ಯಾಲ ಕುಂತು ಹೊಂಟೆ.
ಏರು ಬಂತು. ಬಾಯಿ ಒಣಗಿತು.
ಎಣಿಸಬೇಕಂದೆ. ಎಣಿಸಾಕ ಸಿಗಲಿಲ್ಲ,
ಆರೂ ಒಂದಽ ಉಸಿರಾಗಿ ಹೋಗಿದ್ವು.
ತುದಿಯೊಳಗ ಮುರಿಗೆಪ್ಪ ಇಳಿದು ಬಾನೆಟ್ಟು ಎತ್ತಿದ.
"ಇದೇನಲೇ, ಈಗಷ್ಟ ಎದ್ದವರ ತಲಿ ಆಗೇತಿ!
ನನ್ನ ಐದು ರೂಪಾಯಿ?"
ಕೊಡು, ಅಂದ ಮೇಸ್ತ್ರಿ.
ಕೊಟ್ಟೆ.

ಮರುದಿನ ಸಾವಂತ್ರಿ ರಿಬ್ಬನ್ ಹಿಡಕೊಂಡು ಬೆನ್ನು ಮಾಡಿ ಕುಂತಳು.
ಬಾಚಣಿಗಿ ಇರಲಿಲ್ಲ.
ಗ್ರೀಸು ಹೋಗದ ಬೆರಳಿಲೆ ಬೈತಲೆ ತಗದೆ,
ಎಡಕ್ಕೊಂದು, ಬಲಕ್ಕೊಂದು.
"ಎರಡು ಜಡಿ ಯಾಕೋ ಅಣ್ಣಾ?"
ಸುಮ್ಮಕುಂದ್ರು, ಅಂದೆ,
ಮೊದಲನೇದು ಹೆಣಿಯಾಕತ್ತಿದ್ದೆ.